ಪಿಕಪ್ ಗಟ್ಟಿಯೋ ಅಲ್ಲವೋ: ಕೊಳ್ಳುವ ಮುಂಚೆ ಎರಡು ಗಾಡಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬಗೆ

ಶೋರೂಮಿನಲ್ಲಿ ಎಲ್ಲ ಪಿಕಪ್ಪೂ ಗಟ್ಟಿಯಾಗಿಯೇ ಕಾಣುತ್ತದೆ. ಎತ್ತರದ ಬಾನೆಟ್, ದಪ್ಪ ಗ್ರಿಲ್, ಬಾಡಿಯ ಮೇಲೆ ‘1.7’, ‘2.0’ ಎಂಬ ಟನ್ ಲೆಕ್ಕದ ಸ್ಟಿಕ್ಕರ್. ಇವು ಯಾವುವೂ ಭಾರ ಹೊರುವುದಿಲ್ಲ. ಭಾರ ಇಳಿಯುವ ದಾರಿಯೇ ಬೇರೆ. ಬಾಡಿಯ ನೆಲದಿಂದ ಚಾಸಿಗೆ, ಚಾಸಿಯಿಂದ ಬ್ಲೇಡಿಗೆ (ಕಮಾನು ಪಟ್ಟಿ), ಬ್ಲೇಡಿನಿಂದ ಹೌಸಿಂಗಿಗೆ (ಹಿಂದಿನ ಆಕ್ಸಲ್ಲಿನ ಕವಚ), ಅಲ್ಲಿಂದ ಟಯರಿಗೆ. ಇಷ್ಟರಲ್ಲಿ ಯಾವುದು ಮೊದಲು ಸೋಲುತ್ತದೋ ಗಾಡಿಯ ತಾಕತ್ತು ಅಲ್ಲಿಗೆ ಮುಗಿಯಿತು. ಹಾಗಾಗಿ ಹೋಲಿಸುವಾಗಲೂ ಮೇಲಿನಿಂದ ಕೆಳಗೆ, ಭಾರ ಇಳಿಯುವ ದಾರಿಯಲ್ಲೇ ನೋಡುತ್ತ ಬರಬೇಕು.

ನಮ್ಮ ಕಡೆ ಪೈಪೋಟಿಯಲ್ಲಿರುವ ಗಾಡಿಗಳು ಬೆರಳೆಣಿಕೆಯವು. ಮಹೀಂದ್ರದ ಬೊಲೆರೊ ಪಿಕಪ್, 2022ರಲ್ಲಿ ಅದರ ಜೊತೆಗೆ ಸೇರಿದ ಮ್ಯಾಕ್ಸ್ ಸರಣಿ. ಹಳೆಯ ಟಾಟಾ 207 ಪಿಕಪ್ಪಿನ ವಂಶದಲ್ಲಿ 2017ರಲ್ಲಿ ಬಂದ ಟಾಟಾ ಯೋಧ, 2022ರಿಂದ 2 ಟನ್ ಹೊರುವ ಯೋಧ 2.0, ಟಾಟಾ ಇಂಟ್ರಾ ವಿ50, 2020ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ಬಡಾ ದೋಸ್ತ್, ಇಸುಜು ಡಿ-ಮ್ಯಾಕ್ಸ್. ಒಂದೇ ಹೆಸರಿನಲ್ಲಿ ನಾಲ್ಕೈದು ಮಾದರಿಗಳಿರುತ್ತವೆ, ಬ್ಲೇಡು ಟಯರು ಎಲ್ಲ ಬೇರೆ ಬೇರೆ. ‘ಬೊಲೆರೊ ಗಟ್ಟಿ, ಯೋಧ ಗಟ್ಟಿ’ ಎಂಬ ವಾದಕ್ಕೆ ಅರ್ಥವಿಲ್ಲ. ಯಾವ ಮಾದರಿ, ಎಷ್ಟು ಟನ್ನಿನದು ಎಂದು ಕೇಳಿಕೊಂಡು ಶುರುಮಾಡಿ.

ಕೈಯಲ್ಲಿ ಇರಬೇಕಾದದ್ದು: 5 ಮೀಟರ್ ಟೇಪು, ವರ್ನಿಯರ್, ಟಾರ್ಚು, ಸೀಮೆಸುಣ್ಣ, ಕೆಳಗೆ ಹಾಸಿ ಮಲಗಲು ಒಂದು ಗೋಣಿಚೀಲ. ಗಾಡಿಯ ಕೆಳಗೆ ಮಲಗದೆ ಪಿಕಪ್ ಕೊಂಡರೆ ಬಣ್ಣ ಕೊಂಡಂತೆ.

ಮೊದಲು ತೂಕದ ಲೆಕ್ಕ

ಆರ್‌ಸಿಯಲ್ಲಿ ಎರಡು ತೂಕ ಇರುತ್ತದೆ, ಖಾಲಿ ತೂಕ ಮತ್ತು ಲೋಡ್ ಸಮೇತ ಒಟ್ಟು ತೂಕ. ಎರಡರ ವ್ಯತ್ಯಾಸವೇ ಕಂಪನಿ ಹೇಳುವ ‘ಪೇಲೋಡ್’. ಆದರೆ ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರ್ ಸೇರುವುದಿಲ್ಲ. ಉದಾಹರಣೆಗೆ ಒಟ್ಟು 3,490 ಕೆಜಿ, ಖಾಲಿ 1,790 ಕೆಜಿ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ 1,700 ಕೆಜಿ. ಇದರಿಂದ ಡ್ರೈವರ್ ಮತ್ತು ಒಬ್ಬ ಹಮಾಲಿಗೆ 130, ಮೇಲೆ ಕಟ್ಟಿಸುವ ಕಬ್ಬಿಣದ ಜಾಲರಿಗೆ 110, ಟಾರ್ಪಾಲು ಹಗ್ಗಕ್ಕೆ 25 ಕಳೆಯಿರಿ. ಉಳಿಯುವುದು 1,435 ಕೆಜಿ. ಎರಡು ಗಾಡಿಗಳನ್ನು ಹೋಲಿಸುವುದಾದರೆ ಈ ಕೊನೆಯ ಅಂಕಿಯನ್ನು ಹೋಲಿಸಿ. ಡೀಲರ್ ಹೇಳುವ ಖಾಲಿ ತೂಕದ ಮೇಲೆ ಅನುಮಾನವಿದ್ದರೆ ಡೆಮೊ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ಯಿರಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಆಮೇಲೆ ಪೂರ್ತಿ ಗಾಡಿಗೆ ಇನ್ನೊಂದು. ಹಿಂದಿನ ಆಕ್ಸಲ್ ಮೇಲೆ ಖಾಲಿಯಲ್ಲೇ ಎಷ್ಟಿದೆ ಎಂಬುದು ಆಗ ಗೊತ್ತಾಗುತ್ತದೆ, ಟಯರಿನ ಲೆಕ್ಕಕ್ಕೆ ಅದು ಬೇಕು.

ಓವರ್‌ಲೋಡ್ ಮಾಡಿಯೇ ಓಡಿಸುತ್ತೇವೆ, ಈ ಲೆಕ್ಕ ಯಾಕೆ ಅನ್ನುವವರಿಗೆ: ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಜೊತೆಗೆ ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಬೇಕು. ಟೊಮೆಟೊ ಲೋಡು ಬಿಸಿಲಿನಲ್ಲಿ ಇಳಿಸಿಕೊಂಡು ಕೂತರೆ ದಂಡಕ್ಕಿಂತ ಮಾಲಿನ ನಷ್ಟವೇ ದೊಡ್ಡದು.

ಬಾಡಿ ಉದ್ದವಿದ್ದರೆ ಒಳ್ಳೆಯದೇ?

ಜಾಹೀರಾತಿನಲ್ಲಿ ಎದ್ದು ಕಾಣುವುದು ಬಾಡಿಯ ಉದ್ದ. ಬೊಲೆರೊ ಮ್ಯಾಕ್ಸ್‌ನ ದೊಡ್ಡ ಮಾದರಿಯಲ್ಲಿ ಅದು 3,050 ಮಿಮೀ, ಅಂದರೆ 10 ಅಡಿ. ಉದ್ದದ ಬಾಡಿ ಯಾರಿಗೆ ಬೇಕು ಎಂಬುದು ಮಾಲಿನ ಮೇಲೆ ನಿಂತಿದೆ.

ಕೋಲಾರದ ಎಪಿಎಂಸಿಗೆ ಹೋಗುವ 15 ಕೆಜಿ ಟೊಮೆಟೊ ಕ್ರೇಟನ್ನೇ ತೆಗೆದುಕೊಳ್ಳಿ. ಕ್ರೇಟಿನ ಅಳತೆ 540 × 360 ಮಿಮೀ, ಎತ್ತರ 295, ಬಾಡಿಯ ಒಳ ಅಗಲ 1,700 ಎಂದುಕೊಂಡರೆ 10 ಅಡಿ ಬಾಡಿಯಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 8, ಒಂದು ಪದರಕ್ಕೆ 24 ಕ್ರೇಟ್. ನಾಲ್ಕು ಪದರಕ್ಕೆ 96, ಎತ್ತರ 1.18 ಮೀಟರ್. ಅದೇ 2,700 ಮಿಮೀ ಬಾಡಿಯಲ್ಲಿ ಪದರಕ್ಕೆ 21 ಮಾತ್ರ. 96 ಕ್ರೇಟಿಗೆ ಐದನೇ ಪದರ ಏರಿಸಬೇಕು. ಲೋಡಿನ ತಲೆ ಒಂದಡಿ ಮೇಲೆ ಹೋಯಿತು ಅಂದರೆ ತಿರುವಿನಲ್ಲಿ ಗಾಡಿ ಅಷ್ಟು ಹೆಚ್ಚು ವಾಲುತ್ತದೆ. ಸಿಮೆಂಟ್ ಹೊರುವವರಿಗೆ ಈ ತಾಪತ್ರಯವಿಲ್ಲ. 50 ಕೆಜಿಯ 28 ಚೀಲ ಹಾಕಿದರೆ 1,400 ಕೆಜಿ ಆಯಿತು, ಚೀಲಗಳು ಎರಡು ಪದರವನ್ನೂ ದಾಟುವುದಿಲ್ಲ. ಅವರಿಗೆ ಉದ್ದ ಬಾಡಿ ದುಡ್ಡು ದಂಡ.

ಉದ್ದ ಬಾಡಿಯಲ್ಲಿ ಇನ್ನೊಂದು ಒಳಗುಟ್ಟಿದೆ. ಟೇಪು ಹಿಡಿದು ಮೂರು ಅಳತೆ ತೆಗೆಯಿರಿ: ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ (ವೀಲ್‌ಬೇಸ್), ಮುಂದಿನ ಚಕ್ರದ ನಡುವಿನಿಂದ ಬಾಡಿ ಶುರುವಾಗುವ ಜಾಗಕ್ಕೆ, ಮತ್ತು ಬಾಡಿಯ ಒಳ ಉದ್ದ. ವೀಲ್‌ಬೇಸ್ 3,000, ಬಾಡಿ 1,650ಕ್ಕೆ ಶುರು, ಬಾಡಿ ಉದ್ದ 2,700 ಆಗಿದ್ದರೆ ಸಮನಾಗಿ ಹರಡಿದ ಲೋಡಿನ ನಡುಬಿಂದು 1,650 + 1,350 = 3,000. ಸರಿಯಾಗಿ ಹಿಂದಿನ ಆಕ್ಸಲ್ ಮೇಲೆ. ಅದೇ ವೀಲ್‌ಬೇಸಿನ ಮೇಲೆ 3,050ರ ಬಾಡಿ ಕೂರಿಸಿದರೆ ನಡುಬಿಂದು 3,175ಕ್ಕೆ ಹೋಗುತ್ತದೆ. 1,700 ಕೆಜಿ ಹೇರಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು ಸುಮಾರು 1,800 ಕೆಜಿ, ಮುಂದಿನ ಆಕ್ಸಲ್ಲಿನಿಂದ 100 ಕೆಜಿ ಎತ್ತಿಹೋಗುತ್ತದೆ. ಲೋಡಾದಾಗ ಸ್ಟೀರಿಂಗ್ ಹಗುರವಾಗುವುದು, ಚಡಾವಿನಲ್ಲಿ ಮುಂದಿನ ಚಕ್ರ ತೇಲಿದಂತಾಗುವುದು ಇದರಿಂದಲೇ. ಡ್ರೈವರುಗಳು ‘ಮುಂದೆ ಹಿಡಿತ ಇಲ್ಲ’ ಅನ್ನುವ ಗಾಡಿಯ ವೀಲ್‌ಬೇಸ್ ಅಳೆದು ನೋಡಿ, ಕಾರಣ ಸಿಗುತ್ತದೆ. ಬಾಡಿ ಉದ್ದ ಮಾಡಿದ ಕಂಪನಿ ವೀಲ್‌ಬೇಸನ್ನೂ ಅದಕ್ಕೆ ತಕ್ಕಂತೆ ಉದ್ದ ಮಾಡಿದೆಯೇ ಎಂಬುದೇ ಪ್ರಶ್ನೆ. ಹಿಂದಿನ ಆಕ್ಸಲ್ಲಿನಿಂದ ಹಿಂದಕ್ಕೆ ಚಾಚುವ ಭಾಗ ವೀಲ್‌ಬೇಸಿನ 60% ಮೀರಬಾರದು ಎಂದು ನಿಯಮವೂ ಇದೆ. ಹೊರಗೆ ಬಾಡಿ ಕಟ್ಟಿಸುವವರು ಇದನ್ನು ಮರೆತು ಫಿಟ್ನೆಸ್ ತಪಾಸಣೆ, ಅಂದರೆ ಎಫ್‌ಸಿಯಲ್ಲಿ ಸಿಕ್ಕಿಬೀಳುತ್ತಾರೆ.

ಕ್ಯಾಬಿನ್ ವಿನ್ಯಾಸದ ಜಗಳವೂ ಇಲ್ಲೇ ಹುಟ್ಟುವುದು. ಬೊಲೆರೊ, ಯೋಧ ಬಾನೆಟ್ ಇರುವ ಗಾಡಿಗಳು. ಎಂಜಿನ್ ಮುಂದಿರುವುದರಿಂದ ಬಿಸಿ ಸೀಟಿನ ಕೆಳಗೆ ಬರುವುದಿಲ್ಲ, ಫಿಲ್ಟರ್ ಬದಲಿಸಲು ನಿಂತೇ ಕೆಲಸ ಮಾಡಬಹುದು, ಎದುರಿಗೆ ಹೊಡೆದರೆ ಕಾಲಿಗಿಂತ ಮುಂಚೆ ನಜ್ಜುಗುಜ್ಜಾಗಲು ಒಂದಿಷ್ಟು ಜಾಗವಿದೆ. ಬಡಾ ದೋಸ್ತ್ ತರಹದ ಮೊಂಡು ಮೂತಿಯ ಗಾಡಿ ಅದೇ ಒಟ್ಟು ಉದ್ದದಲ್ಲಿ ಹೆಚ್ಚು ಬಾಡಿ ಕೊಡುತ್ತದೆ, ಚಿಕ್ಕಪೇಟೆಯಂಥ ಇಕ್ಕಟ್ಟಿನಲ್ಲಿ ಮೂತಿ ಎಲ್ಲಿದೆ ಅಂತ ಡ್ರೈವರಿಗೆ ಕಾಣುತ್ತದೆ. ಹಳ್ಳಿ ರಸ್ತೆ, ಹೈವೇ ಹೆಚ್ಚಿದ್ದರೆ ಬಾನೆಟ್ ಗಾಡಿ, ಪೇಟೆ ಒಳಗಿನ ಡೆಲಿವರಿಗೆ ಮೊಂಡು ಮೂತಿ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಜಾಸ್ತಿ ಇಲ್ಲ. ಒಂದು ಮಾತು ನೆನಪಿರಲಿ: 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಸ್ಟಾರ್ ಪರೀಕ್ಷೆ ಪ್ರಯಾಣಿಕರ ಕಾರುಗಳಿಗೆ, ಸರಕು ಪಿಕಪ್ಪಿಗಲ್ಲ. ಸೇಲ್ಸ್‌ನವರು ಅದೇ ಕಂಪನಿಯ ಕಾರಿನ ಸ್ಟಾರ್ ತೋರಿಸಿದರೆ ಅದು ಈ ಗಾಡಿಯದ್ದಲ್ಲ.

ಚಾಸಿ

ಈಗ ಗೋಣಿಚೀಲ ಹಾಸಿ ಕೆಳಗೆ ಹೋಗಿ. ಏಣಿಯಂತೆ ಎರಡು ಉದ್ದ ತೊಲೆ, ನಡುವೆ ಅಡ್ಡ ತೊಲೆಗಳು. ಉದ್ದ ತೊಲೆ ಇಂಗ್ಲಿಷಿನ ‘C’ ಅಕ್ಷರದಂತೆ ಒಂದು ಪಕ್ಕ ತೆರೆದ ಚಾನೆಲ್ಲೋ, ನಾಲ್ಕೂ ಕಡೆ ಮುಚ್ಚಿದ ಬಾಕ್ಸೋ ನೋಡಿ. ಮುಚ್ಚಿದ್ದು ತಿರುಚುವುದು ಕಡಿಮೆ, ಗಾಡಿ ರಸ್ತೆಯಲ್ಲಿ ಬಿಗಿಯಾಗಿ ಓಡುತ್ತದೆ. ತೆರೆದದ್ದು ಹೊಂಡದಲ್ಲಿ ಸ್ವಲ್ಪ ತಿರುಚಿ ಬಿಟ್ಟುಕೊಡುತ್ತದೆ, ಒಳಗೆ ನೀರು ನಿಲ್ಲುವುದಿಲ್ಲ, ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಮಲ್ಪೆ, ಕಾರವಾರದಿಂದ ಮೀನು ಹೊರುವವರು ಇದನ್ನು ಗಂಭೀರವಾಗಿ ನೋಡಬೇಕು. ಉಪ್ಪುನೀರು ಬೆರೆತ ಐಸ್ ಕರಗಿ ಬಾಕ್ಸಿನೊಳಗೆ ಇಳಿದರೆ ತುಕ್ಕು ಒಳಗಿನಿಂದ ತಿನ್ನುತ್ತ ಬರುತ್ತದೆ, ಹೊರಗೆ ಬಣ್ಣ ಉಬ್ಬುವಷ್ಟರಲ್ಲಿ ತಡವಾಗಿರುತ್ತದೆ. ಬಾಕ್ಸಿನ ಕೆಳಮುಖದಲ್ಲಿ ನೀರು ಇಳಿಯುವ ತೂತುಗಳಿವೆಯೇ, ಬಾಡಿಯ ನೆಲದ ತೂತಿನ ನೀರು ನೇರ ಚಾಸಿಯ ಮೇಲೆ ಬೀಳುತ್ತದೆಯೇ, ಎರಡನ್ನೂ ನೋಡಿ.

ತೆರೆದ ಚಾನೆಲ್ಲಿನ ಅಂಚಿಗೆ ವರ್ನಿಯರ್ ಹಾಕಿ ದಪ್ಪ ಅಳೆಯಿರಿ. ಟೇಪಿನಲ್ಲಿ ಚಾನೆಲ್ಲಿನ ಎತ್ತರವನ್ನೂ ಬರೆದುಕೊಳ್ಳಿ, ಯಾಕೆಂದರೆ ಬಗ್ಗದಂತೆ ತಡೆಯುವುದರಲ್ಲಿ ದಪ್ಪಕ್ಕಿಂತ ಎತ್ತರದ ಪಾಲು ದೊಡ್ಡದು. ಎತ್ತರ 10% ಹೆಚ್ಚಾದರೆ ಬಿಗಿ 20%ಗೂ ಮೀರಿ ಹೆಚ್ಚುತ್ತದೆ. ತೆಳು ಚಾಸಿ ಕಂಡ ಕೂಡಲೇ ಮೂಗು ಮುರಿಯಬೇಡಿ. ಹೈ ಟೆನ್ಸೈಲ್ ಉಕ್ಕಾದರೆ ಕಡಿಮೆ ದಪ್ಪದಲ್ಲೇ ಅಷ್ಟು ತಾಳುತ್ತದೆ. ಅದಕ್ಕೆ ಮಾತ್ರ ಬೆಸುಗೆ ಆಗಿಬರದು. ಬೆಸುಗೆಯ ಕಾವಿಗೆ ಸುತ್ತಲ ಉಕ್ಕು ಮೆತ್ತಗಾಗಿ ಮುಂದಿನ ಬಿರುಕು ಬೆಸುಗೆಯ ಪಕ್ಕದಲ್ಲೇ ಏಳುತ್ತದೆ. ಜಾಲರಿ ಕಟ್ಟುವವರು ಚಾಸಿಗೆ ನೇರ ವೆಲ್ಡ್ ಹೊಡೆಯಲು ಬಂದರೆ ತಡೆಯಿರಿ. ಬಾಡಿಯ ತೊಲೆಗೆ ಬೋಲ್ಟ್ ಹಾಕಲಿ. ಚಾಸಿಯ ಮೇಲಂಚು, ಕೆಳಅಂಚಿನಲ್ಲಿ ತೂತು ಕೊರೆಯಲೇಬಾರದು.

ತಿರುಚುವಿಕೆಯನ್ನು ನೋಡಲು ಸುಲಭದ ಪರೀಕ್ಷೆ ಒಂದಿದೆ. ಎಡ ಮುಂದಿನ ಚಕ್ರ ಮತ್ತು ಬಲ ಹಿಂದಿನ ಚಕ್ರವನ್ನು 15 ಸೆಂಮೀ ಎತ್ತರದ ಗಟ್ಟಿ ಮರದ ದಿಮ್ಮಿಯ ಮೇಲೆ ಹತ್ತಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದನ್ನು ಎರಡೂ ಪಕ್ಕ ಅಳೆಯಿರಿ, ಬಾಗಿಲು ತೆಗೆದು ಹಾಕಿ ನೋಡಿ. ಬಾಗಿಲು ಹಿಡಿದುಕೊಂಡರೆ ಚಾಸಿಯ ತಿರುಚು ಕ್ಯಾಬಿನ್ನಿಗೆ ಹೋಗುತ್ತಿದೆ, ನಡುವಿನ ರಬ್ಬರ್ ಮೌಂಟ್ ಅದನ್ನು ತಡೆಯುತ್ತಿಲ್ಲ ಎಂದರ್ಥ. ಅಂಥ ಗಾಡಿಯಲ್ಲಿ ಎರಡು ವರ್ಷಕ್ಕೆ ಗಾಜಿನ ಮೂಲೆಯಲ್ಲಿ ನೀರು ಸೋರುವುದು ಶುರು.

ಬ್ಲೇಡ್ ಎಣಿಸಿ ಮೋಸಹೋಗಬೇಡಿ

ಗ್ಯಾರೇಜಿನಲ್ಲಿ ಬ್ಲೇಡ್ ಅಂತಲೋ ಪಾಟಾ ಅಂತಲೋ ಕರೆಯುವ ಕಮಾನು ಪಟ್ಟಿ. ‘ಇದಕ್ಕೆ ಏಳು ಬ್ಲೇಡು, ಅದಕ್ಕೆ ಐದೇ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ, ತಾಳಿಕೆ ವರ್ಗಕ್ಕೆ ತಕ್ಕಂತೆ. ಅಗಲ, ಉದ್ದ ಒಂದೇ ಇದ್ದಾಗ 8 ಮಿಮೀ ದಪ್ಪದ ಏಳು ಬ್ಲೇಡಿನ ಬಿಗಿ 7 × 512 = 3,584; 9 ಮಿಮೀಯ ಐದು ಬ್ಲೇಡಿನದು 5 × 729 = 3,645. ಐದು ಬ್ಲೇಡಿನ ಕಟ್ಟೇ ಕೂದಲೆಳೆಯಷ್ಟು ಬಿಗಿ! ತಾಳಿಕೆಯಲ್ಲಿ ಮಾತ್ರ ಏಳು ಬ್ಲೇಡು ಸುಮಾರು 10% ಮುಂದಿದೆ, 448ಕ್ಕೆ 405. ಹಾಗಾಗಿ ಎಣಿಕೆಯ ಜೊತೆಗೆ ದಪ್ಪ, ಅಗಲ, ಎರಡು ತುದಿಯ ಕಣ್ಣುಗಳ (ಬೋಲ್ಟ್ ತೂರುವ ಸುರುಳಿ) ನಡುವಿನ ಉದ್ದ ಬರೆದುಕೊಳ್ಳದೆ ಹೋಲಿಕೆಯೇ ಆಗದು. ಕಣ್ಣುಗಳ ನಡುವಿನ ಉದ್ದ ಹೆಚ್ಚಿದ್ದಷ್ಟೂ ಬ್ಲೇಡ್ ಮೃದು, ಕ್ಯಾಬಿನ್ನಿನಲ್ಲಿ ಏಟು ಕಡಿಮೆ.

ಖಾಲಿ ಇದ್ದಾಗ ಹೌಸಿಂಗಿಗೂ ಮೇಲಿನ ರಬ್ಬರ್ ಗುದ್ದಿಗೂ ಎಷ್ಟು ಅಂತರ ಎಂದು ಅಳೆದಿಡಿ, ಪೂರ್ತಿ ಲೋಡಿನಲ್ಲಿ ಮತ್ತೆ ಅಳೆಯಿರಿ. ಎರಡು ಬೆರಳಷ್ಟಾದರೂ ಉಳಿಯದಿದ್ದರೆ ಪ್ರತಿ ಹಂಪಿನಲ್ಲೂ ಏಟು ನೇರ ಚಾಸಿಗೆ.

ಇಲ್ಲೇ ಒಂದು ಕೆಟ್ಟ ಅಭ್ಯಾಸದ ಮಾತು. ಹೊಸ ಗಾಡಿ ತಂದ ವಾರದಲ್ಲೇ ಎಕ್ಸ್‌ಟ್ರಾ ಬ್ಲೇಡ್ ಹಾಕಿಸುತ್ತಾರೆ. ಬ್ಲೇಡ್ ಬಿಗಿಯಾಯಿತೇ ಹೊರತು ಚಾಸಿ, ಹೌಸಿಂಗ್, ಬೇರಿಂಗ್ ಹಳೆಯವೇ. ಬ್ಲೇಡ್ ನುಂಗುತ್ತಿದ್ದ ಏಟು ಈಗ ಶ್ಯಾಕಲ್ ಬ್ರಾಕೆಟ್ಟಿನ (ಬ್ಲೇಡಿನ ತುದಿಯನ್ನು ಚಾಸಿಗೆ ಜೋಡಿಸುವ ಭಾಗ) ಹತ್ತಿರ ಚಾಸಿಗೆ ಹೋಗುತ್ತದೆ, ಮೊದಲ ಬಿರುಕು ಅಲ್ಲೇ. ಇನ್ನೂ ಅಪಾಯದ್ದು ಬ್ರೇಕಿನ ವಿಷಯ. ಎಷ್ಟೋ ಪಿಕಪ್ಪುಗಳಲ್ಲಿ ಹೌಸಿಂಗಿಗೆ ಒಂದು ಸಣ್ಣ ಸರಳು ಕಟ್ಟಿ ಚಾಸಿಯ ಮೇಲಿನ ವಾಲ್ವಿಗೆ ಜೋಡಿಸಿರುತ್ತಾರೆ. ಅದೇ ಎಲ್‌ಎಸ್‌ಪಿವಿ. ಗಾಡಿಯ ಹಿಂಭಾಗ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ಅದು ತೀರ್ಮಾನಿಸುತ್ತದೆ. ಬಿಗಿ ಬ್ಲೇಡಿನಿಂದ ಹಿಂಭಾಗ ಕುಸಿಯದಿದ್ದರೆ, ಎರಡು ಟನ್ ಹೇರಿದ್ದರೂ ಗಾಡಿ ಖಾಲಿ ಎಂದೇ ವಾಲ್ವ್ ತಿಳಿಯುತ್ತದೆ. ಹಿಂದಿನ ಬ್ರೇಕ್ ಅರ್ಧಂಬರ್ಧ, ಎಲ್ಲ ಕೆಲಸ ಮುಂದಿನ ಡಿಸ್ಕಿಗೆ. ಚಾರ್ಮಾಡಿ ಇಳಿಯುವಾಗ ಡಿಸ್ಕ್ ಕಾದು ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಹೆಚ್ಚು ಹೊರಬೇಕಿದ್ದರೆ ಹೆಚ್ಚು ಟನ್ನಿನ ಮಾದರಿಯನ್ನೇ ಕೊಳ್ಳಿ.

ಮುಂದೆ ಬ್ಲೇಡ್ ಮೇಲಿನ ಗಟ್ಟಿ ಆಕ್ಸಲ್ ಇದ್ದರೆ ಖರ್ಚು ಕಡಿಮೆ, ಕಿಂಗ್‌ಪಿನ್ನಿಗೆ ಕಾಲಕಾಲಕ್ಕೆ ಗ್ರೀಸ್ ಬೇಕು, ಹಂಪಿನಲ್ಲಿ ಬೆನ್ನಿಗೆ ಗೊತ್ತಾಗುತ್ತದೆ. ಎರಡು ಚಕ್ರ ಬೇರೆ ಬೇರೆ ಆಡುವ ಮುಂಭಾಗವಾದರೆ ಸವಾರಿ ಸುಖ, ಬಾಲ್ ಜಾಯಿಂಟ್, ಆರ್ಮ್ ಬುಷ್ ಬದಲಿಸುವ ಖರ್ಚು ಜೊತೆಗೇ ಬರುತ್ತದೆ.

ಹೌಸಿಂಗ್, ಟಯರ್

ಹಿಂದಿನ ಚಕ್ರದ ನಡುವೆ ನೋಡಿ. ಚಕ್ರದ ನಟ್ಟುಗಳ ಒಳಗೆ ಹಬ್ಬಿನ ಮೇಲೆ ಇನ್ನೊಂದು ಸುತ್ತು ಸಣ್ಣ ಬೋಲ್ಟುಗಳು ಕಂಡರೆ ಅದು ಫುಲ್ ಫ್ಲೋಟಿಂಗ್ ಆಕ್ಸಲ್. ಭಾರವನ್ನು ಹೌಸಿಂಗೇ ಹೊರುತ್ತದೆ, ಶಾಫ್ಟ್ ಚಕ್ರ ತಿರುಗಿಸುವ ಕೆಲಸ ಮಾತ್ರ ಮಾಡುತ್ತದೆ. ಶಾಫ್ಟ್ ತುಂಡಾದರೂ ಚಕ್ರ ಜಾಗದಲ್ಲೇ ಇರುತ್ತದೆ. ಬೋಲ್ಟುಗಳಿಲ್ಲದೆ ನುಣುಪಾಗಿದ್ದರೆ ಸೆಮಿ ಫ್ಲೋಟಿಂಗ್ ಇರಬಹುದು. ಅಲ್ಲಿ ಭಾರವೂ ಶಾಫ್ಟಿನ ಮೇಲೆಯೇ. ಒಂದು ಟನ್ನಿಗೆ ಅದು ಧಾರಾಳ ಸಾಕು. ಒಂದೂವರೆ ಮೀರಿದ ಮೇಲೆ ಫುಲ್ ಫ್ಲೋಟಿಂಗ್ ಇರುವುದಕ್ಕೇ ನಮ್ಮ ಮತ.

ಟಯರಿನ ಪಕ್ಕದಲ್ಲಿ ಲೋಡ್ ಇಂಡೆಕ್ಸ್ ಅಂಕಿ ಇರುತ್ತದೆ. 104 ಅಂದರೆ 900 ಕೆಜಿ, 109 ಅಂದರೆ 1,030, 112 ಅಂದರೆ 1,120, 118 ಅಂದರೆ 1,320. ವೇಬ್ರಿಡ್ಜಿನಲ್ಲಿ ಸಿಕ್ಕ ಹಿಂದಿನ ಆಕ್ಸಲ್ಲಿನ ಖಾಲಿ ತೂಕಕ್ಕೆ ಲೋಡು ಸೇರಿಸಿ. ಖಾಲಿ 700, ಲೋಡಿನಿಂದ 1,500 ಆದರೆ 2,200. ಎರಡೇ ಟಯರು, ತಲಾ 1,100. 109ರ ಟಯರ್ ಇಲ್ಲಿ ಸೋತಿತು, 112 ಬೇಕು. ಅದೂ ಕಂಪನಿ ಹೇಳಿದಷ್ಟು ಗಾಳಿ ಇದ್ದರೆ ಮಾತ್ರ.

ಎಂಜಿನ್ನಿಗಿಂತ ಗೇರು

ಬೊಲೆರೊ ಪಿಕಪ್ಪಿನ 2,523 ಸಿಸಿ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಸುಮಾರು 200 ಎನ್‌ಎಂ, ಬಡಾ ದೋಸ್ತಿನ ಒಂದೂವರೆ ಲೀಟರ್ ಮೂರು ಸಿಲಿಂಡರ್ 190, ಯೋಧದ 2.2 ಲೀಟರ್ 250. ಈ ಅಂಕಿ ಮಾತ್ರ ನೋಡಿ ತೀರ್ಪು ಕೊಡುವುದು ತಪ್ಪು. ಟಾರ್ಕನ್ನು ಮೊದಲ ಗೇರಿನ ಅನುಪಾತ ಮತ್ತು ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ಲಿನೊಳಗಿನ ಗೇರು ಜೋಡಿ) ಅನುಪಾತದಿಂದ ಗುಣಿಸಿ. 200 ಎನ್‌ಎಂ ಗಾಡಿಯ ಒಟ್ಟು ಅನುಪಾತ 20 ಆದರೆ ಚಕ್ರದಲ್ಲಿ 4,000. 250ರ ಗಾಡಿಯದು 15 ಆದರೆ 3,750. ಟಯರಿನ ಅಳತೆ ಒಂದೇ ಇದ್ದರೆ ಚಿಕ್ಕ ಟಾರ್ಕಿನದೇ ಆಗುಂಬೆಯ ತಿರುವಿನಲ್ಲಿ ನಿಂತು ಹೊರಡಲು ಮೇಲು. ದೊಡ್ಡದು ಹೈವೇಯಲ್ಲಿ ಮೇಲು. ಕ್ಲಚ್ ಬೇಗ ಸವೆಯುವುದು ಮೊದಲ ಗೇರಿನ ಅನುಪಾತ ಕಡಿಮೆ ಇರುವ ಗಾಡಿಯಲ್ಲಿ.

ಬಿಎಸ್6 ಡೀಸೆಲ್ ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮರೆಯಬೇಡಿ. ದಿನವಿಡೀ ಎರಡು ಮೂರು ಕಿಲೋಮೀಟರಿನ ಟ್ರಿಪ್ ಹೊಡೆದರೆ ಅದು ಮಸಿ ಸುಟ್ಟುಕೊಳ್ಳುವಷ್ಟು ಕಾಯುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ಅಂಥ ಕೆಲಸಕ್ಕೆ ಸಿಎನ್‌ಜಿ ಮಾದರಿ ನೋಡುವುದು ಜಾಣತನ, ಬಂಕ್ ಹತ್ತಿರವಿದ್ದರೆ.

ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಕೇಳುವವರಿಗೆ ಒಂದೇ ಮಾತು. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ 700 ಮಿಮೀ ನೀರಿನಲ್ಲಿ ಇಳಿಯುತ್ತದೆ, 2.8 ಲೀಟರ್ ಎಂಜಿನ್, ನಾಲ್ಕು ಚಕ್ರದ ಎಳೆತ. ಕಾಫಿ ತೋಟದ ಮಾಲೀಕರಿಗೆ ಸರಿ. ಬಾಡಿಗೆ ದುಡಿಮೆಯ ಲೆಕ್ಕಕ್ಕೆ ಅದು ಬರುವುದಿಲ್ಲ.

ಹಳೆ ಗಾಡಿ ಸುಳ್ಳು ಹೇಳುವುದಿಲ್ಲ

ಎರಡು ಮಾದರಿ ಉಳಿದವು ಎಂದಾದ ಮೇಲೆ ಬೆಳಗಿನ ಜಾವ ಎಪಿಎಂಸಿ ಯಾರ್ಡಿಗೆ ಹೋಗಿ. ಅದೇ ಮಾದರಿಯ, ಮೂರು ವರ್ಷ ಓಡಿದ, ನಿಮ್ಮಂಥದ್ದೇ ಮಾಲು ಹೊರುವ ಹತ್ತು ಹತ್ತು ಗಾಡಿ ನೋಡಿ. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಬೆಸುಗೆ ಕಂಡರೆ ಅದು ವಿನ್ಯಾಸದ ದೋಷ. ಒಂದರಲ್ಲಿ ಮಾತ್ರ ಕಂಡರೆ ಡ್ರೈವರಿನದು. ನೋಡಬೇಕಾದ ಜಾಗಗಳು: ಕ್ಯಾಬಿನ್ ಮುಗಿದ ಕೂಡಲೇ ಬರುವ ಚಾಸಿ, ಬ್ಲೇಡಿನ ಹಿಂದಿನ ಶ್ಯಾಕಲ್ ಬ್ರಾಕೆಟ್, ಹಿಂದಿನ ಡೋರಿನ ಹಿಂಜು, ಬಾಡಿಯ ನೆಲದ ಅಡ್ಡ ತೊಲೆ, ಉದ್ದ ಗಾಡಿಯಾದರೆ ಶಾಫ್ಟಿನ ನಡುವಿನ ಬೇರಿಂಗು. ಡ್ರೈವರಿಗೆ ‘ಗಾಡಿ ಹೆಂಗಣ್ಣ?’ ಅಂದರೆ ‘ಸೂಪರ್’ ಅನ್ನುತ್ತಾನೆ. ‘ಹೋದ ವರ್ಷ ಏನೇನು ಬದಲಾಯಿಸಿದ್ರಿ, ಎಷ್ಟಾಯ್ತು?’ ಅಂತ ಕೇಳಿ. ಒಂದೇ ಪಾರ್ಟಿನ ಹೆಸರು ಮೂರು ಜನರ ಬಾಯಲ್ಲಿ ಬಂದರೆ ನೇರ ಬಿಡಿಭಾಗದ ಅಂಗಡಿಗೆ ಹೋಗಿ ಅದರ ರೇಟು, ದಾಸ್ತಾನು ವಿಚಾರಿಸಿ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಪೂರ್ತಿ ಲೋಡಿನಲ್ಲಿ, ಲೋಡು ಮೇಲಿರುವಾಗಲೇ, ಬ್ಲೇಡನ್ನು ಹೌಸಿಂಗಿಗೆ ಕಟ್ಟಿರುವ ಯು ಬೋಲ್ಟುಗಳನ್ನು ಕಂಪನಿ ಹೇಳಿದ ಬಿಗಿಗೆ ಎದುರುಬದುರಾಗಿ ಬಿಗಿಸಿ, ಚಕ್ರದ ನಟ್ಟುಗಳನ್ನೂ ನೋಡಿ. ಹೊಸ ಬ್ಲೇಡುಗಳ ನಡುವಿನ ಬಣ್ಣ ಸವೆದು ಕಟ್ಟು ಸಡಿಲವಾಗುತ್ತದೆ. ಸಡಿಲ ಬಿಟ್ಟರೆ ಭಾರವೆಲ್ಲ ಬ್ಲೇಡುಗಳ ನಡುವೆ ತೂರಿದ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುತ್ತದೆ, ಹೌಸಿಂಗ್ ಒಂದು ಪಕ್ಕ ಹಿಂದಕ್ಕೆ ಜಾರಿ ಗಾಡಿ ಅಡ್ಡಡ್ಡ ಓಡುತ್ತದೆ. ಬಿಗಿಸಿದ ಮೇಲೆ ನಟ್ಟಿನಿಂದ ಬೋಲ್ಟಿನ ತುದಿಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ. ಗೆರೆ ಮುರಿದಿದ್ದರೆ ಬೆಳಿಗ್ಗೆ ಗಾಳಿ ನೋಡುವಾಗಲೇ ಡ್ರೈವರಿನ ಕಣ್ಣಿಗೆ ಬೀಳುತ್ತದೆ.